ನೈಟ್ರಸ್ ಬಿಟ್ಟಾಗ ಪೆಟ್ರೋಲ್ ಸಾಲುತ್ತಿದೆಯೇ?

ವಾಹನ ವಿಚಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಹಾಸನ ಜಿಲ್ಲೆಯವನು, ಹನ್ನೆರಡು ವರ್ಷಗಳಿಂದ ಅಮೆರಿಕದ ಮಿಶಿಗನ್‌ನಲ್ಲಿದ್ದೇನೆ. ನನ್ನ ಬಳಿ 1972ರ ಷೆವ್ರೊಲೆ ಕಮಾರೊ ಇದೆ. 350 ಘನ ಇಂಚಿನ ವಿ8 ಎಂಜಿನ್, ಸುಮಾರು 300 ಅಶ್ವಶಕ್ತಿ. ನಾಲ್ಕು ಬಾಯಿಯ ಕಾರ್ಬ್ಯುರೇಟರ್, ಎಂಜಿನ್ನಿಗೇ ಜೋಡಿಸಿದ ಮೆಕ್ಯಾನಿಕಲ್ ಪಂಪು, ಹಿಂದಿನ ಟ್ಯಾಂಕಿನಿಂದ ಬರುವ 5/16 ಇಂಚಿನ ಹಳೆಯ ಪೈಪು. ಹೆಚ್ಚುವರಿ ಶಕ್ತಿಗಾಗಿ ಎಂಜಿನ್ನಿಗೆ ನೈಟ್ರಸ್ ಆಕ್ಸೈಡ್ ಅನಿಲ ಬಿಡುವ, ಕಾರ್ಬ್ಯುರೇಟರ್ ಅಡಿಗೆ ಕೂರಿಸುವ ಪ್ಲೇಟ್ ಮಾದರಿಯ ನೈಟ್ರಸ್ ಕಿಟ್ ಹಾಕಿಸಿ, 125 ಅಶ್ವಶಕ್ತಿಯ ಜೆಟ್‌ಗಳನ್ನು (ಹರಿವಿನ ಪ್ರಮಾಣ ನಿರ್ಧರಿಸುವ ಸಣ್ಣ ರಂಧ್ರದ ಬಿಡಿಭಾಗ) ಬಳಸುತ್ತಿದ್ದೇನೆ. ಡ್ರ್ಯಾಗ್ ಓಟದ ಪಟ್ಟಿಯಲ್ಲಿ ಕಾರು ಮೊದಲು ಚೆನ್ನಾಗಿ ಎಳೆಯುತ್ತದೆ; ಕಾಲು ಮೈಲಿ ಮುಗಿಯುವ ಮುಂಚೆ ಕಾರ್ಬ್ಯುರೇಟರ್ ಒಳಗೆ ‘ಪಟ್’ ಎಂದು ಸದ್ದಾಗಿ ಶಕ್ತಿ ಬಿದ್ದುಹೋಗುತ್ತದೆ. ಸ್ಪಾರ್ಕ್ ಪ್ಲಗ್‌ಗಳು ಬೆಳ್ಳಗಾಗಿವೆ. ಆದರೆ ಕಾರು ನಿಂತಿರುವಾಗ ಪೆಟ್ರೋಲ್ ಗೇಜ್ 6.5 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಒತ್ತಡ ತೋರಿಸುತ್ತದೆ. ದೊಡ್ಡ ಪೆಟ್ರೋಲ್ ಜೆಟ್ ಹಾಕಿದರೆ ಸರಿಹೋದೀತೆ?

ಉತ್ತರ: ಜೆಟ್‌ನ ಮಾತು ಆಮೇಲೆ. ಮೊದಲು ನೈಟ್ರಸ್ ಬಾಟಲಿಯ ಕವಾಟ ಮುಚ್ಚಿ, ಕಾರಣ ತಿಳಿಯುವವರೆಗೆ ಅದನ್ನು ತೆರೆಯಬೇಡಿ. ಎಂಟೂ ಪ್ಲಗ್‌ಗಳನ್ನು ಬಿಚ್ಚಿ, ಒಳ್ಳೆಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡಿ. ಪಿಂಗಾಣಿ ಬರೀ ಬೆಳ್ಳಗಿದ್ದರೆ ಸಕಾಲಕ್ಕೆ ಎಚ್ಚರಿಕೆ ಸಿಕ್ಕಿದೆ ಎಂದುಕೊಳ್ಳಿ. ಅದರ ಮೇಲೆ ರಾಗಿಕಾಳಿಗಿಂತಲೂ ಸಣ್ಣದಾದ, ಹೊಳೆಯುವ ಬೂದುಬಣ್ಣದ ಚುಕ್ಕೆಗಳು ಅಂಟಿದ್ದರೆ ಅವು ಪಿಸ್ಟನ್ನಿನಿಂದ ಕರಗಿ ಹಾರಿದ ಅಲ್ಯೂಮಿನಿಯಂ. ಆಗ ಹೆಡ್ ಬಿಚ್ಚದೆ ಬೇರೆ ದಾರಿಯಿಲ್ಲ. ನನ್ನ ಬರೆಯುವ ಮೇಜಿನ ಮೇಲೆ ಕಾಗದ ಹಾರದಿರಲೆಂದು ಇಟ್ಟುಕೊಂಡಿರುವ ಹಳೆಯ ಪಿಸ್ಟನ್ ಒಂದಿದೆ. ಅದರ ಅಂಚಿನಲ್ಲಿ, ಮೇಲಿನ ರಿಂಗಿನವರೆಗೂ, ಇಲಿ ಕಡಿದ ಕೊಬ್ಬರಿಯಂತೆ ಒಂದು ಕಚ್ಚು ಇದೆ. ಆ ಕಚ್ಚು ಬೀಳಲು ಎರಡು ಮೂರು ಸೆಕೆಂಡು ಸಾಕಾಗಿತ್ತು.

ನೈಟ್ರಸ್ ಆಕ್ಸೈಡ್ ತಾನಾಗಿ ಉರಿಯುವ ಇಂಧನವಲ್ಲ. ತೂಕದ ಲೆಕ್ಕದಲ್ಲಿ ಗಾಳಿಯಲ್ಲಿ ಆಮ್ಲಜನಕ ಶೇ 23ರಷ್ಟಿದ್ದರೆ ಇದರಲ್ಲಿ ಶೇ 36ರಷ್ಟಿದೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ಒಡೆದು ಆ ಆಮ್ಲಜನಕವನ್ನು ಬಿಟ್ಟುಕೊಡುತ್ತದೆ. ಹೆಚ್ಚುವರಿ ಶಕ್ತಿ ಬರುವುದು ಆ ಆಮ್ಲಜನಕದ ಜೊತೆಗೆ ನಾವು ಉರಿಸುವ ಹೆಚ್ಚುವರಿ ಪೆಟ್ರೋಲಿನಿಂದ. ಕುಲುಮೆಯಲ್ಲಿ ತಿದಿ ಒತ್ತುವವನು ಜೋರಾಗಿ ಒತ್ತುತ್ತಲೇ ಇದ್ದು, ಇದ್ದಿಲು ಹಾಕುವವನು ಮರೆತು ಕುಳಿತರೆ ಕಬ್ಬಿಣವೇ ಕಿಡಿಯಾಗಿ ಉರಿಯತೊಡಗುತ್ತದೆಯಲ್ಲವೇ? ನಿಮ್ಮ ಎಂಜಿನ್ನಿನಲ್ಲಿ ಕಬ್ಬಿಣದ ಜಾಗದಲ್ಲಿ ಪಿಸ್ಟನ್ ಇದೆ, ಅಷ್ಟೇ ವ್ಯತ್ಯಾಸ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕಾದರೆ, ನೈಟ್ರಸ್ ಒಂಬತ್ತೂವರೆ ಕಿಲೋ ಇದ್ದರೆ ಸಾಕು. ಕಿಟ್ ತಯಾರಿಸುವವರು ಈ ಲೆಕ್ಕಕ್ಕಿಂತಲೂ ಹೆಚ್ಚು ಪೆಟ್ರೋಲ್ ಹೋಗುವಂತೆ ಜೆಟ್ ಕೊಡುತ್ತಾರೆ. ಆ ಹೆಚ್ಚುವರಿ ಪಾಲು ಉರಿಯನ್ನು ತಣ್ಣಗಿಟ್ಟು ಪಿಸ್ಟನ್ನನ್ನು ಕಾಯುತ್ತದೆ. ಅದು ತಪ್ಪಿದರೆ ಮಿಶ್ರಣ ‘ಲೀನ್’ ಆಗುತ್ತದೆ, ಎಂದರೆ ಆಮ್ಲಜನಕಕ್ಕೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ. ನೀವು ಕೇಳಿದ ‘ಪಟ್’ ಸದ್ದಿಗೂ ಬಿಳಿಯ ಪ್ಲಗ್‌ಗಳಿಗೂ ಅದೇ ಕಾರಣವಿರುವ ಸಂಭವ ಬಹಳ ಹೆಚ್ಚು.

ಈಗ ನಿಮ್ಮ 6.5 ಪಿಎಸ್‌ಐ ವಿಚಾರ. ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನಪಿಸಿಕೊಳ್ಳಿ. ಎಲ್ಲ ನಲ್ಲಿಗಳೂ ಮುಚ್ಚಿರುವಾಗ ಪೈಪಿನಲ್ಲಿ ಒತ್ತಡ ಪೂರ್ತಿ ಇರುತ್ತದೆ. ಬಚ್ಚಲಿನ ನಲ್ಲಿಯನ್ನು ಪೂರ್ತಿ ತಿರುಗಿಸಿದ ಕೂಡಲೇ ಅಡುಗೆಮನೆಯ ನಲ್ಲಿ ಸೊರಗುತ್ತದೆ. ನಿಂತ ಕಾರಿನ ಗೇಜ್ ತೋರಿಸುವುದು ನಲ್ಲಿ ಮುಚ್ಚಿದ ಪೈಪಿನ ಒತ್ತಡವನ್ನು. ಪಂಪಿನ ಸಾಮರ್ಥ್ಯದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ನಮಗೆ ಬೇಕಾದದ್ದು ಪೂರ್ತಿ ಥ್ರಾಟಲ್‌ನಲ್ಲಿ, ಎಂದರೆ ಆಕ್ಸಿಲರೇಟರ್ ಪೂರ್ತಿ ಒತ್ತಿ, ನೈಟ್ರಸ್ ಹರಿಯುತ್ತಿರುವಾಗ, ಪೆಟ್ರೋಲ್ ಸೊಲೆನಾಯ್ಡ್‌ನ (ವಿದ್ಯುತ್ತಿನಿಂದ ತೆರೆದು ಮುಚ್ಚುವ ಕವಾಟ) ಬಾಯಲ್ಲಿ ಉಳಿಯುವ ಒತ್ತಡ. ಈ ಉತ್ತರದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ.

ಲೆಕ್ಕ ಹಾಕಿಯೇ ನೋಡೋಣ. ಇಂಥ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಪ್ರತಿ ಅಶ್ವಶಕ್ತಿಗೆ ಗಂಟೆಗೆ ಸುಮಾರು ಅರ್ಧ ಪೌಂಡ್, ಎಂದರೆ 0.227 ಕಿಲೋ ಪೆಟ್ರೋಲ್ ಉಣ್ಣುತ್ತದೆ ಎಂಬುದು ರೂಢಿಯ ಅಂದಾಜು. 300 ಅಶ್ವಶಕ್ತಿಗೆ 68 ಕಿಲೋ, ಲೀಟರಿನಲ್ಲಿ 92. ನೈಟ್ರಸ್‌ನ 125 ಅಶ್ವಶಕ್ತಿಗೆ 38 ಲೀಟರ್. ತಣ್ಣಗಿಡುವ ಹೆಚ್ಚುವರಿ ಪಾಲು ಸೇರಿಸಿದರೆ 46 ಎಂದಿಟ್ಟುಕೊಳ್ಳಿ. ಒಟ್ಟಿಗೆ ಗಂಟೆಗೆ 138 ಲೀಟರ್. ಪಂಪಿನ ಡಬ್ಬದ ಮೇಲೆ ಗಂಟೆಗೆ 150 ಲೀಟರ್ ಎಂದು ಅಚ್ಚಾಗಿದ್ದರೆ ಇದು ಸಾಕೆನಿಸಬಹುದು. ಆದರೆ ಎದುರೊತ್ತಡವೇ ಇಲ್ಲದೆ ಬಕೆಟ್ಟಿಗೆ ಸುರಿಸಿ ಅಳೆದ ಪ್ರಮಾಣವನ್ನೇ ಡಬ್ಬದ ಮೇಲೆ ಹಾಕುವ ರೂಢಿಯಿದೆ. ಎಷ್ಟು ಒತ್ತಡದಲ್ಲಿ ಎಷ್ಟು ಹರಿವು ಎಂಬ ಕೋಷ್ಟಕವಿಲ್ಲದ ಪಂಪನ್ನು ನೈಟ್ರಸ್ ಕೆಲಸಕ್ಕೆ ಕೊಳ್ಳಲೇಬೇಡಿ ಎನ್ನುವುದು ನನ್ನ ಅಭಿಪ್ರಾಯ.

ನಿಮ್ಮ ಪೈಪಿನ ಒಳವ್ಯಾಸ ಸುಮಾರು 6.5 ಮಿಲಿಮೀಟರ್. ಅದರಲ್ಲಿ ಈ 138 ಲೀಟರ್ ನಾಲ್ಕು ಮೀಟರ್ ದೂರ ಹರಿಯುವಾಗ ಘರ್ಷಣೆಗೇ 1.4 ಪಿಎಸ್‌ಐ ಹತ್ತಿರ ಖರ್ಚಾಗುತ್ತದೆ. ಬಾಗು, ಫಿಲ್ಟರ್, ಕೀಲುಗಳ ಪಾಲು ಬೇರೆ. 3/8 ಇಂಚಿನ ಪೈಪು ಹಾಕಿದರೆ ಈ ನಷ್ಟ ಮೂರನೇ ಒಂದರಷ್ಟಕ್ಕೆ ಇಳಿಯುತ್ತದೆ. ಇದಕ್ಕಿಂತ ದೊಡ್ಡ ಕಳ್ಳ ಇನ್ನೊಬ್ಬನಿದ್ದಾನೆ. ಕಾರು ಮುಂದಕ್ಕೆ ಜಿಗಿದಾಗ ಪೈಪಿನೊಳಗಿನ ಪೆಟ್ರೋಲ್ ಹಿಂದಕ್ಕೆ ವಾಲುತ್ತದೆ. ಬಸ್ಸು ಹೊರಟಾಗ ನಿಂತವರೆಲ್ಲ ಹಿಂದಕ್ಕೆ ಬೀಳುವುದೂ ಇದೇ ಕಾರಣಕ್ಕೆ. ಒಂದು ‘ಜಿ’ಯಷ್ಟು, ಎಂದರೆ ಕೈಬಿಟ್ಟ ಕಲ್ಲು ಬೀಳುವಾಗಿನಷ್ಟು, ವೇಗೋತ್ಕರ್ಷದಲ್ಲಿ ಮೂರು ಮೀಟರ್ ಉದ್ದದ ಪೆಟ್ರೋಲ್ ಸಾಲನ್ನು ಮುಂದಕ್ಕೆ ತಳ್ಳಲು ಮೂರು ಪಿಎಸ್‌ಐಗಿಂತ ಸ್ವಲ್ಪ ಹೆಚ್ಚು ಒತ್ತಡ ಬೇಕು. ನಿಮ್ಮ ಪಂಪು ಮುಂದೆ ಎಂಜಿನ್ ಮೇಲಿದೆ, ಟ್ಯಾಂಕು ಹಿಂದಿದೆ. ಆದ್ದರಿಂದ ಪಂಪು ಇಷ್ಟನ್ನೂ ಹೀರಿಯೇ ಎಳೆಯಬೇಕು. ವಾತಾವರಣದ ಒತ್ತಡ 14.7 ಪಿಎಸ್‌ಐ. ಅದರಲ್ಲಿ ನಾಲ್ಕೂವರೆ ಕಳೆದರೆ ಪಂಪಿನ ಬಾಯಲ್ಲಿ ಉಳಿಯುವುದು ಹತ್ತು ಚಿಲ್ಲರೆ. ಅಮೆರಿಕದ ಬೇಸಿಗೆಯ ಪೆಟ್ರೋಲ್, ಶೇ 10 ಎಥೆನಾಲ್ ಬೆರೆತಾಗ, 37.8 ಡಿಗ್ರಿಯಲ್ಲಿ 10 ಪಿಎಸ್‌ಐವರೆಗೆ ಆವಿ ಒತ್ತಡ ಹೊಂದಿರಬಹುದು. ಎಂಜಿನ್ ಕೋಣೆಯ ಬಿಸಿಯಲ್ಲಿ ಅದು ಪೈಪಿನೊಳಗೇ ಕುದಿಯತೊಡಗಿದರೆ ಪಂಪು ದ್ರವದ ಬದಲು ಗುಳ್ಳೆಗಳನ್ನು ತಳ್ಳುತ್ತಾ ಕೂರುತ್ತದೆ.

ಮೊದಲು ಚೆನ್ನಾಗಿ ಎಳೆದು ಕೊನೆಗೆ ಕೈಕೊಡುವುದೇಕೆ ಎಂಬುದೂ ಇದರಿಂದ ತಿಳಿಯುತ್ತದೆ. ಕಾರ್ಬ್ಯುರೇಟರ್‌ನ ಫ್ಲೋಟ್ ಬಟ್ಟಲುಗಳೆರಡೂ ಸೇರಿ ಒಂದು ಲೋಟದಷ್ಟು ಪೆಟ್ರೋಲನ್ನು ಮುಂಗಡವಾಗಿ ಹಿಡಿದಿಟ್ಟಿರುತ್ತವೆ. ಎಂಜಿನ್ ಆ ಬಟ್ಟಲುಗಳಿಂದ ಸೆಕೆಂಡಿಗೆ 25 ಮಿಲಿಲೀಟರ್ ಖಾಲಿ ಮಾಡುತ್ತದೆ. ಪೈಪಿನಿಂದ ಬರುವುದು ಅದಕ್ಕಿಂತ ಕಡಿಮೆಯಾದರೂ ಮೊದಲ ಕೆಲವು ಸೆಕೆಂಡು ಕೊರತೆ ಕಾಣುವುದಿಲ್ಲ. ಮುಂಗಡ ತೀರಿದ ಮೇಲೆ ಕಾಣುತ್ತದೆ. ನೈಟ್ರಸ್ ಕಡೆಯ ಪೆಟ್ರೋಲಿಗಾದರೋ ಮುಂಗಡವೆಂಬುದೇ ಇಲ್ಲ. ಜೆಟ್‌ನಲ್ಲಿ ಹರಿಯುವ ಪ್ರಮಾಣ ಒತ್ತಡದ ವರ್ಗಮೂಲಕ್ಕೆ ಅನುಗುಣವಾಗಿರುವುದರಿಂದ, ಒತ್ತಡ 6ರಿಂದ 4 ಪಿಎಸ್‌ಐಗೆ ಇಳಿದರೆ ಪೆಟ್ರೋಲ್ ಶೇ 18ರಷ್ಟು, 3ಕ್ಕೆ ಇಳಿದರೆ ಶೇ 29ರಷ್ಟು ಆ ಕ್ಷಣವೇ ಕಡಿಮೆಯಾಗುತ್ತದೆ. ಪಕ್ಕದ ಜೆಟ್‌ನಲ್ಲಿ ನೈಟ್ರಸ್ ಮಾತ್ರ 900 ಪಿಎಸ್‌ಐ ಒತ್ತಡದಲ್ಲಿ ಯಾವ ಹಂಗೂ ಇಲ್ಲದೆ ಬರುತ್ತಲೇ ಇರುತ್ತದೆ. ಹೀಗಿರುವಾಗ ದೊಡ್ಡ ಪೆಟ್ರೋಲ್ ಜೆಟ್ ಹಾಕಿದರೆ ಬಚ್ಚಲಿನ ನಲ್ಲಿಯನ್ನು ಇನ್ನೂ ದೊಡ್ಡದು ಮಾಡಿದಂತೆ: ಪೈಪಿನ ಒತ್ತಡ ಮತ್ತಷ್ಟು ಬೀಳುತ್ತದೆ, ಬಟ್ಟಲುಗಳು ಮತ್ತಷ್ಟು ಬೇಗ ಬರಿದಾಗುತ್ತವೆ.

ಪರಿಹಾರಕ್ಕೆ ಎರಡು ದಾರಿಗಳಿವೆ. ಮೊದಲನೆಯದು, ಟ್ಯಾಂಕಿನ ಪಕ್ಕದಲ್ಲಿ, ಅದರ ತಳಕ್ಕಿಂತ ಕೆಳಗೆ, ಎಲೆಕ್ಟ್ರಿಕ್ ಪಂಪು ಕೂರಿಸಿ 3/8 ಇಂಚಿನ ಪೈಪಿನಲ್ಲಿ ಮುಂದಕ್ಕೆ ತಳ್ಳುವುದು. ಎಲೆಕ್ಟ್ರಿಕ್ ಪಂಪುಗಳು ಹೀರುವುದರಲ್ಲಿ ದುರ್ಬಲ, ತಳ್ಳುವುದರಲ್ಲಿ ಗಟ್ಟಿ. ಮುಂದೆ 6 ಪಿಎಸ್‌ಐ ಉಳಿಯಬೇಕಾದರೆ ಹಿಂದೆ ಹತ್ತಕ್ಕೆ ಹತ್ತಿರ ಹುಟ್ಟಬೇಕು. ಆದ್ದರಿಂದ 10 ಪಿಎಸ್‌ಐ ಎದುರು ಗಂಟೆಗೆ 170–180 ಲೀಟರ್ ಕೊಡಬಲ್ಲ ಪಂಪನ್ನು ಕೋಷ್ಟಕ ನೋಡಿ ಆರಿಸಿ. ಮುಂದೆ ತಂದ ಮೇಲೆ ಪೈಪನ್ನು ಕವಲು ಮಾಡಿ, ಕಾರ್ಬ್ಯುರೇಟರಿಗೊಂದು, ನೈಟ್ರಸ್ ಕಡೆಯ ಪೆಟ್ರೋಲ್ ಸೊಲೆನಾಯ್ಡ್‌ಗೊಂದು ಹೀಗೆ ಒತ್ತಡವನ್ನು ಹದದಲ್ಲಿಡುವ ಎರಡು ಪ್ರತ್ಯೇಕ ರೆಗ್ಯುಲೇಟರ್ ಹಾಕಿ. ಒಂದೇ ರೆಗ್ಯುಲೇಟರಿನಿಂದ ಎರಡನ್ನೂ ಸಾಕಲು ಹೋದರೆ ಸೊಲೆನಾಯ್ಡ್ ತೆರೆದಾಗಲೆಲ್ಲ ಕಾರ್ಬ್ಯುರೇಟರ್ ಬೆಚ್ಚಿಬೀಳುತ್ತದೆ. ಪಂಪಿಗೆ ವಿದ್ಯುತ್ತನ್ನು ರಿಲೇ ಮೂಲಕ, ದಪ್ಪ ತಂತಿಯಲ್ಲಿ ಕೊಡಿ. ತಂತಿಯಲ್ಲಿ ಒಂದೆರಡು ವೋಲ್ಟ್ ಸೋರಿದರೂ ಪಂಪು ನಿಧಾನವಾಗುತ್ತದೆ, ಆ ದೋಷ ಬೇಗ ಯಾರ ಕಣ್ಣಿಗೂ ಬೀಳುವುದಿಲ್ಲ. ಎಂಜಿನ್ ನಿಂತರೆ ಪಂಪೂ ನಿಲ್ಲುವಂತೆ ಆಯಿಲ್ ಪ್ರೆಷರ್ ಸ್ವಿಚ್ ಮೂಲಕ ಜೋಡಿಸಿ, ಇಲ್ಲದಿದ್ದರೆ ಅಪಘಾತವಾದಾಗ ಒಡೆದ ಪೈಪಿಗೆ ಪಂಪು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ.

ಎರಡನೆಯ ದಾರಿ ನನಗೆ ಹೆಚ್ಚು ಇಷ್ಟವಾದದ್ದು: ಕಾರ್ಬ್ಯುರೇಟರಿನ ಗೊಡವೆಗೇ ಹೋಗದೆ, ನೈಟ್ರಸ್‌ಗೆಂದೇ ಮುಂದೆ ನಾಲ್ಕು ಲೀಟರಿನ ಪುಟ್ಟ ಟ್ಯಾಂಕು, ಅದಕ್ಕೊಂದು ಸಣ್ಣ ಪಂಪು, ಅದರದೇ ರೆಗ್ಯುಲೇಟರ್. ನಿಮ್ಮ ಜೆಟ್‌ಗೆ ಬೇಕಾದದ್ದು ಸೆಕೆಂಡಿಗೆ 13 ಮಿಲಿಲೀಟರ್ ಮಾತ್ರ. ಹನ್ನೆರಡು ಸೆಕೆಂಡಿನ ಓಟಕ್ಕೆ ಒಂದು ಕಾಫಿ ಲೋಟದಷ್ಟು. ಪೈಪು ಗಿಡ್ಡವಾದ್ದರಿಂದ ವೇಗೋತ್ಕರ್ಷದ ಕಾಟವೂ ಇಲ್ಲ. ಆ ಟ್ಯಾಂಕಿಗೆ ಹೆಚ್ಚು ಆಕ್ಟೇನಿನ, ಎಂದರೆ ಎಂಜಿನ್ ಬಡಿತವನ್ನು ಹೆಚ್ಚು ತಡೆಯುವ, ರೇಸ್ ಪೆಟ್ರೋಲ್ ಹಾಕಿಕೊಳ್ಳಬಹುದು ಎಂಬುದು ಮತ್ತೊಂದು ಲಾಭ. ಅದರ ಸಾಂದ್ರತೆ ಬೇರೆಯಾಗಿರುವುದರಿಂದ ಜೆಟ್ ಮತ್ತು ಒತ್ತಡವನ್ನು ಹೊಸದಾಗಿ ಹೊಂದಿಸಬೇಕು. ಆದರೂ 300 ಅಶ್ವಶಕ್ತಿಗೆ ಬೇಕಾದ 92 ಲೀಟರನ್ನು ಹಳೆಯ ಪಂಪು ಒದಗಿಸುತ್ತಿದೆಯೇ ಎಂದು ನೈಟ್ರಸ್ ಇಲ್ಲದೆ ಒಂದು ಓಟ ಓಡಿಸಿ, ಗೇಜ್ ನೋಡಿ ಖಚಿತಪಡಿಸಿಕೊಳ್ಳುವುದು ಅಗತ್ಯ.

ಯಾವ ದಾರಿ ಹಿಡಿದರೂ ಕೊನೆಗೆ ಅಳತೆಪಾತ್ರೆಯ ಪರೀಕ್ಷೆ ಮಾಡಲೇಬೇಕು. ಕಾರನ್ನು ಬಯಲಿಗೆ ತನ್ನಿ, ಎಂಜಿನ್ ತಣ್ಣಗಿರಲಿ, ಇಗ್ನಿಷನ್ ತಂತಿ ಕಳಚಿರಲಿ, ನೈಟ್ರಸ್ ಬಾಟಲಿ ಮುಚ್ಚಿರಲಿ, ಬೆಂಕಿ ಆರಿಸುವ ಸಾಧನ ಹಿಡಿದು ಇನ್ನೊಬ್ಬರು ಪಕ್ಕದಲ್ಲೇ ನಿಂತಿರಲಿ. ಪೆಟ್ರೋಲ್ ಸೊಲೆನಾಯ್ಡ್‌ನಿಂದ ಪ್ಲೇಟಿಗೆ ಹೋಗುವ ಕೊಳವೆಯನ್ನು ಪ್ಲೇಟಿನ ಕಡೆ ಬಿಚ್ಚಿ, ಜೆಟ್ ತುದಿಯಲ್ಲೇ ಇರುವಂತೆ ಗುರುತು ಹಾಕಿದ ಪಾತ್ರೆಯೊಳಗೆ ಇಳಿಬಿಡಿ. ಪಂಪು ಓಡಿಸಿ, ಸೊಲೆನಾಯ್ಡ್ ತೆರೆದು ಹತ್ತು ಸೆಕೆಂಡು ಎಣಿಸಿ. ಸುಮಾರು 130 ಮಿಲಿಲೀಟರ್ ಬೀಳಬೇಕು, ಮತ್ತು ಬೀಳುತ್ತಿರುವಷ್ಟು ಹೊತ್ತೂ ಗೇಜಿನ ಮುಳ್ಳು ಕಿಟ್‌ನ ಪಟ್ಟಿಯಲ್ಲಿ ಹೇಳಿದ ಒತ್ತಡದಲ್ಲಿ ಕದಲದೆ ನಿಲ್ಲಬೇಕು. ಎರಡಕ್ಕೂ ಒಂದೇ ಪಂಪು ಎಂದಾದರೆ ಈ ಪರೀಕ್ಷೆ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ, ಏಕೆಂದರೆ ಕಾರ್ಬ್ಯುರೇಟರ್ ಆಗ ಏನನ್ನೂ ಕುಡಿಯುತ್ತಿರುವುದಿಲ್ಲ. ಅಂಥವರು ವಿಂಡ್‌ಶೀಲ್ಡ್ ಹೊರಗೆ, ಕುಳಿತಲ್ಲಿಂದ ಕಾಣುವಂತೆ ಗೇಜ್ ಅಂಟಿಸಿ, ಅದನ್ನು ನೋಡಲೆಂದೇ ಪುಟ್ಟ ಕ್ಯಾಮೆರಾ ಇಟ್ಟು ಒಂದು ಓಟ ಓಡುವುದು ಒಳ್ಳೆಯದು. ಪೆಟ್ರೋಲ್ ಗೇಜನ್ನು ಕಾರಿನೊಳಗೆ ಎಳೆದು ತರಬೇಡಿ.

ಪ್ರಶ್ನೆ: ನಮ್ಮ ಗೆಳೆಯರ ಬಳಗದಲ್ಲಿ ಎಲ್ಲರೂ ಪೆಟ್ರೋಲ್ ಒತ್ತಡ ಕುಸಿದರೆ ನೈಟ್ರಸ್ ನಿಲ್ಲಿಸುವ ಸುರಕ್ಷಾ ಸ್ವಿಚ್ ಹಾಕಿಸಿದ್ದಾರೆ. ಅದೊಂದಿದ್ದರೆ ಇಷ್ಟೆಲ್ಲ ತಲೆಬಿಸಿ ಏಕೆ ಎನ್ನುತ್ತಾರೆ. ನಿಜವೇ? (ಟೆಕ್ಸಸ್‌ನಿಂದ ಒಬ್ಬ ಓದುಗ)

ಉತ್ತರ: ಸ್ವಿಚ್ ಹಾಕಿಸಿ, ಆದರೆ ಅದು ಏನನ್ನು ಕಾಣುತ್ತದೆ, ಏನನ್ನು ಕಾಣುವುದಿಲ್ಲ ಎಂದು ತಿಳಿದು ಹಾಕಿಸಿ. ಅದಕ್ಕೆ ಗೊತ್ತಿರುವುದು ಸೊಲೆನಾಯ್ಡ್‌ಗೆ ಮುಂಚಿನ ಪೈಪಿನಲ್ಲಿ ಎಷ್ಟು ಒತ್ತಡವಿದೆ ಎಂಬುದು ಮಾತ್ರ. ಪಂಪು ಸೋತರೆ, ಫಿಲ್ಟರ್ ಕಟ್ಟಿದರೆ, ಟ್ಯಾಂಕು ಬರಿದಾದರೆ ಒತ್ತಡ ಬೀಳುತ್ತದೆ, ಸ್ವಿಚ್ ನೈಟ್ರಸ್ ನಿಲ್ಲಿಸುತ್ತದೆ. ಆದರೆ ಪೆಟ್ರೋಲ್ ಸೊಲೆನಾಯ್ಡೇ ತೆರೆಯದಿದ್ದರೆ, ಅಥವಾ ಕಸ ಬಂದು ಜೆಟ್ ಮುಚ್ಚಿದರೆ? ಪೆಟ್ರೋಲ್ ಹರಿಯುವುದೇ ಇಲ್ಲ, ಹರಿಯದ್ದರಿಂದ ಒತ್ತಡ ಬೀಳುವುದೂ ಇಲ್ಲ. ಎಲ್ಲವೂ ಸರಿಯಿದೆ ಎಂದು ಸ್ವಿಚ್ ಸಾಕ್ಷಿ ಹೇಳುತ್ತಿರುವಾಗಲೇ ಎಂಜಿನ್ನಿಗೆ ಬರೀ ನೈಟ್ರಸ್ ಹೋಗುತ್ತದೆ. ಕರಗಿದ ಪಿಸ್ಟನ್‌ಗಳಲ್ಲಿ ನನಗೆ ಅತ್ಯಂತ ಬೇಸರ ತರಿಸುವುದು ಈ ಬಗೆಯವು, ಏಕೆಂದರೆ ಅವುಗಳ ಒಡೆಯರು ಎಚ್ಚರಿಕೆಯಿಂದಲೇ ಇದ್ದವರು.

ಆದ್ದರಿಂದ ಪ್ರತಿ ಓಟಕ್ಕೂ ಮುಂಚೆ ಬಾಟಲಿ ಮುಚ್ಚಿರುವಾಗಲೇ, ನೈಟ್ರಸ್ ಪೈಪನ್ನು ಬರಿದು ಮಾಡಿಟ್ಟು, ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಪೆಟ್ರೋಲ್ ಸೊಲೆನಾಯ್ಡ್ ಒಂದನ್ನೇ ಕ್ಷಣಕಾಲ ತೆರೆದು ನೋಡಿ. ಪೆಟ್ರೋಲ್ ನಿಜವಾಗಿ ಬರುತ್ತಿದ್ದರೆ ಎಂಜಿನ್ ಉಸಿರುಕಟ್ಟಿದಂತೆ ತಡವರಿಸುತ್ತದೆ. ತಡವರಿಸದಿದ್ದರೆ ಆ ದಿನ ನೈಟ್ರಸ್ ಇಲ್ಲ. ಸ್ವಿಚ್ಚನ್ನು ನೈಟ್ರಸ್ ಕಡೆಯ ರೆಗ್ಯುಲೇಟರಿನ ನಂತರವೇ ಜೋಡಿಸಬೇಕು, ಕಾರ್ಬ್ಯುರೇಟರಿನ ಕವಲಿನಲ್ಲಲ್ಲ. ಹರಿಯುವಾಗಿನ ಒತ್ತಡ 5.5 ಪಿಎಸ್‌ಐ ಇದ್ದರೆ ಸ್ವಿಚ್ 4.5ರ ಆಸುಪಾಸಿನಲ್ಲಿ ಕಡಿಯುವಂತಿರಲಿ. ಹಾಗೆಯೇ ಬಾಟಲಿಯ ಬಿಸಿಯನ್ನೂ ಮರೆಯಬೇಡಿ. ನಿಮ್ಮ ಟೆಕ್ಸಸ್ ಬಿಸಿಲಿನಲ್ಲಿ ಮುಚ್ಚಿದ ಡಿಕ್ಕಿಯೊಳಗೆ ಬಿಟ್ಟ ಬಾಟಲಿಯ ಒತ್ತಡ 900ರಿಂದ 1,050 ಪಿಎಸ್‌ಐಗೆ ಏರಿದರೆ ನೈಟ್ರಸ್ ಶೇ 8ರಷ್ಟು ಹೆಚ್ಚು ಹರಿಯುತ್ತದೆ. ಪೆಟ್ರೋಲ್ ಒಂದು ಹನಿಯೂ ಕಡಿಮೆಯಾಗದೆ ಮಿಶ್ರಣ ಲೀನ್ ಆಗುವುದು ಹೀಗೆ. 36.4 ಡಿಗ್ರಿ ದಾಟಿದ ಮೇಲಂತೂ ನೈಟ್ರಸ್ ದ್ರವರೂಪದಲ್ಲಿ ಉಳಿಯುವುದೇ ಇಲ್ಲವಾದ್ದರಿಂದ ಜೆಟ್‌ನ ಲೆಕ್ಕಗಳೆಲ್ಲ ತಲೆಕೆಳಗಾಗುತ್ತವೆ. ಒದ್ದೆ ಬಟ್ಟೆ ಸುತ್ತಿ ನೆರಳಿನಲ್ಲಿಡಿ.

ಪ್ರಶ್ನೆ: ಹೊಸ ಕಾರುಗಳಲ್ಲಿ ನೈಟ್ರಸ್ ಮಾತ್ರ ಸಿಂಪಡಿಸುವ ‘ಡ್ರೈ’ ಕಿಟ್‌ಗಳಿವೆಯಂತೆ. ಕಾರ್ಬ್ಯುರೇಟರ್ ಕಾರಿಗೆ ಅದನ್ನೇ ಹಾಕಿದರೆ ಈ ಪೆಟ್ರೋಲ್ ತಾಪತ್ರಯವೇ ಇರುವುದಿಲ್ಲವಲ್ಲ?

ಉತ್ತರ: ಅಲ್ಲಿ ಹೆಚ್ಚುವರಿ ಪೆಟ್ರೋಲನ್ನು ಕಂಪ್ಯೂಟರ್ ಇಂಜೆಕ್ಟರ್‌ಗಳ ಮೂಲಕ ಕೊಡಿಸುತ್ತದೆ, ಕೊಡದೆ ಇರುವುದಿಲ್ಲ. ಕಾರ್ಬ್ಯುರೇಟರ್ ಪೆಟ್ರೋಲ್ ಅಳೆಯುವುದು ತನ್ನ ಕಿರಿದಾದ ಕಂಠದಲ್ಲಿ ಗಾಳಿ ಎಷ್ಟು ವೇಗವಾಗಿ ಹಾದುಹೋಗುತ್ತದೆ ಎಂಬುದರ ಮೇಲೆ. ಅದರ ಕೆಳಗೆ ಸಿಂಪಡಿಸಿದ ನೈಟ್ರಸ್ ಆ ಕಂಠವನ್ನು ಹಾಯುವುದೇ ಇಲ್ಲವಾದ್ದರಿಂದ, ಅದು ಬಂದದ್ದು ಕಾರ್ಬ್ಯುರೇಟರಿಗೆ ತಿಳಿಯುವುದೂ ಇಲ್ಲ. ಕಾರ್ಬ್ಯುರೇಟರ್ ಎಂಜಿನ್ನಿಗೆ ನೈಟ್ರಸ್ ಮತ್ತು ಪೆಟ್ರೋಲ್ ಎರಡನ್ನೂ ಒಟ್ಟಿಗೆ ಕೊಡುವ ‘ವೆಟ್’ ಕಿಟ್ ಒಂದೇ ಗತಿ.

ಪ್ರಶ್ನೆ: ಬೆಂಗಳೂರಿನಲ್ಲಿರುವ ನನ್ನ ಬಳಿ ತಂದೆಯವರ ಕಾಲದ ಕಾರ್ಬ್ಯುರೇಟರ್ ಮಾರುತಿ 800 ಸುಸ್ಥಿತಿಯಲ್ಲಿದೆ. ಅದಕ್ಕೆ 30 ಅಶ್ವಶಕ್ತಿಯ ಸಣ್ಣ ನೈಟ್ರಸ್ ಕಿಟ್ ಹಾಕಿಸಲು ಪೆಟ್ರೋಲ್ ಪಂಪು ಬದಲಾಯಿಸಬೇಕೆ?

ಉತ್ತರ: 30 ಸಣ್ಣದೆಂದು ನಿಮಗೇಕೆ ಅನಿಸಿತೋ ತಿಳಿಯದು. ನಿಮ್ಮ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್ನಿನ ಶಕ್ತಿಯೇ 40 ಅಶ್ವಶಕ್ತಿಯ ಒಳಗಿದೆ. ಮೇಲಿನ ಓದುಗರು ತಮ್ಮ ಎಂಜಿನ್ನಿಗೆ ಶೇ 40ರಷ್ಟು ಸೇರಿಸಹೊರಟು ಇಷ್ಟು ಪಾಡು ಪಡುತ್ತಿದ್ದಾರೆ; ನೀವು ಸೇರಿಸಹೊರಟಿರುವುದು ಶೇ 75ಕ್ಕೂ ಹೆಚ್ಚು. ಪಂಪು ಬದಲಾಯಿಸುವುದು ಅಲ್ಲಿ ಕೊನೆಯ ಚಿಂತೆ. ಪಿಸ್ಟನ್, ಹೆಡ್ ಗ್ಯಾಸ್ಕೆಟ್, ಕ್ಲಚ್ ಎಲ್ಲವೂ ಅದಕ್ಕೆ ಮುಂಚೆಯೇ ಸರದಿಯಲ್ಲಿ ನಿಂತಿರುತ್ತವೆ. ಪೆಟ್ರೋಲ್ ವಿಚಾರದಲ್ಲಿ ಒಂದು ಮಾತು: ಅಮೆರಿಕದ ಬಂಕಿನ 93 ಆಕ್ಟೇನ್ ನಮ್ಮ ಲೆಕ್ಕದಲ್ಲಿ 97–98ಕ್ಕೆ ಸಮ, ಏಕೆಂದರೆ ಅವರು ಅಳೆಯುವ ವಿಧಾನವೇ ಬೇರೆ. ಆದ್ದರಿಂದ ಅಲ್ಲಿನವರು ಬರೆದ ಸಲಹೆಗಳನ್ನು ನಮ್ಮ ಬಂಕಿನ ಸಾಮಾನ್ಯ ಪೆಟ್ರೋಲಿಗೆ ಹಾಗೆಯೇ ಅನ್ವಯಿಸಿದರೆ ಎಂಜಿನ್ ಬಡಿದುಕೊಳ್ಳುತ್ತದೆ. ಪ್ರತಿ 50 ಅಶ್ವಶಕ್ತಿಯ ನೈಟ್ರಸ್‌ಗೆ ಇಗ್ನಿಷನ್ ಟೈಮಿಂಗನ್ನು (ಪ್ಲಗ್ ಕಿಡಿ ಹಾರಿಸುವ ಗಳಿಗೆ) ಎರಡು ಡಿಗ್ರಿ ಹಿಂದಕ್ಕೆ ಸರಿಸುವ ಅವರ ರೂಢಿಯ ಸೂತ್ರವೂ ದೊಡ್ಡ ವಿ8 ಎಂಜಿನ್ನುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿದ್ದು.

ರಸ್ತೆಯ ಮಾತಿಗೆ ಬಂದರೆ, 1988ರ ಮೋಟಾರು ವಾಹನಗಳ ಕಾಯ್ದೆಯ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಒತ್ತಡದ ಅನಿಲ ತುಂಬಿದ ಬಾಟಲಿಗಳಿಗೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಬೇರೆ ಇವೆ. ತಂದೆಯವರ ಕಾರಿನ ಕಾರ್ಬ್ಯುರೇಟರ್ ಬಿಚ್ಚಿ ಸ್ವಚ್ಛ ಮಾಡಿಸಿ, ಫ್ಲೋಟ್ ಮಟ್ಟ ಸರಿಪಡಿಸಿ, ಪಂಪಿನ ಡಯಾಫ್ರಮ್ ಹೊಸದು ಹಾಕಿಸಿ. ಆ ಪಂಪು ಅಷ್ಟಕ್ಕೆ ಧಾರಾಳವಾಗಿ ಸಾಕು.